ತಾರಸಿಯ ಮೇಲಿನ ನಗು

ಕುಂದಾಪುರ ಮುಳುಗಿ ಒಂಬತ್ತು ವರ್ಷವಾಗಿತ್ತು. ನೀರಿನ ಮೇಲೆ ಉಳಿದಿದ್ದ ತಾರಸಿಗಳ ಪಕ್ಕ ವಿಹಾರದ ಹಡಗು ದಿನಾ ಸಂಜೆ ಐದೂವರೆಗೆ ನಿಲ್ಲುತ್ತಿತ್ತು; ಫೋಟೋಗೆ ಆ ಹೊತ್ತಿನ ಬೆಳಕೇ ಚೆಂದ. ತಾರಸಿಯ ಜನ ಕೈಚಾಚಿ ಅಳಬೇಕು, ಪ್ರವಾಸಿಗರು ಅವರಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಕು, ಆಮೇಲೆ ಅಕ್ಕಿ ಮೂಟೆ ಇಳಿಸುತ್ತಾರೆ. ಅಕ್ಕಿ ಸುಮ್ಮನೆ ಸಿಗುತ್ತದೆಯೇ?

ಹಡಗಿನ ಕೆಲಸಕ್ಕೆ ಸೇರಿ ಎರಡೇ ದಿನವಾಗಿದ್ದ ಫೋಟೋಗ್ರಾಫರ್ ಭುಜಂಗ ಹೊಸ ದಂಪತಿಯನ್ನು ಕಂಬಿಗೆ ಒರಗಿಸಿ ನಿಲ್ಲಿಸಿದ. "ಮೇಡಂ, ಗಲ್ಲ ಸ್ವಲ್ಪ ಕೆಳಗೆ." ಕ್ಯಾಮೆರಾದಲ್ಲಿ ಅವರ ಹಿಂದೆ ಕಂಡವಳು ಅವನ ಅಕ್ಕ ಗುಲಾಬಿ. ಸತ್ತಳೆಂದು ತಿಥಿಯನ್ನೂ ಮಾಡಿ ಮುಗಿಸಿದ್ದ. ಅವಳೂ ಗುರುತು ಹಿಡಿದು ಬಾಯ್ತುಂಬ ನಕ್ಕಳು.

"ಭುಜಂಗಾ, ನಾನ್ ಮಾರಾಯಾ, ನಿನ್ನಕ್ಕ!"

"ಅವಳ್ಯಾಕ್ರೀ ಹಲ್ಲು ಕಿರೀತಿದ್ದಾಳೆ? ಫೋಟೋ ಹಾಳು," ಎಂದಳು ಮೇಡಂ. ಗಂಡ ಕೇಳಿದ, "ನಿಮಗೆ ಗುರುತಾ?"

ತಾರಸಿಯವರ ನೆಂಟರೆಂದು ಗೊತ್ತಾದರೆ ಹಡಗಿನ ಕೆಲಸದವರನ್ನೂ ಅಲ್ಲೇ ಇಳಿಸಿಬಿಡುತ್ತಿದ್ದರು. ಭುಜಂಗ ಮೈಕ್ ಎತ್ತಿಕೊಂಡ.

"ಯಾರಮ್ಮಾ ನೀನು? ನಗಬೇಡ."

ಅಕ್ಕನ ಚಾಚಿದ ಕೈ ಹಾಗೇ ಇತ್ತು, ನಗು ಮಾತ್ರ ಇಳಿದುಹೋಯಿತು. ಬಿಸಿಲು ನೇರ ಅವಳ ಮುಖಕ್ಕೆ ಬಿದ್ದಿತ್ತು.

"ಹಾಂ, ಈಗ ಸರಿಯಾಯ್ತು," ಎಂದಳು ಮೇಡಂ.

ಭುಜಂಗ ಮೈಕ್ ಕೆಳಗಿಟ್ಟು ಕ್ಯಾಮೆರಾ ಎತ್ತಿದ. ಒಂದೇ ಕ್ಲಿಕ್ಕಿಗೆ ಫೋಟೋ ಬಹಳ ಚೆನ್ನಾಗಿ ಬಂತು.