ಪಶ್ಚಿಮದ್ವಾರದ ನೀರು

ಕುಂಬಾರಗೇರಿ ಸುರಂಗ ಮೆಟ್ರೋದ ಕೊನೆಯ ನಿಲ್ದಾಣ. ಅದರ ಪೂರ್ವದ್ವಾರ ಇಂದಿನ ಬಡಾವಣೆಗೆ ತೆರೆಯುತ್ತದೆ. ಪಶ್ಚಿಮದ್ವಾರ ಐವತ್ತು ವರ್ಷ ಹಿಂದಿನ ಅದೇ ಬಡಾವಣೆಗೆ. ಇಂದಿನ ನಲ್ಲಿಗಳು ಬತ್ತಿದ ಮೇಲೆ ಎಲ್ಲರೂ ಪಶ್ಚಿಮದಿಂದಲೇ ನೀರು ತರುತ್ತಾರೆ.

ನಿವೃತ್ತ ಶಿಕ್ಷಕಿ ಅಂಬುಜಾಕ್ಷಿಯವರೂ ಅಂದು ಮೊದಲ ಬಾರಿಗೆ ಕ್ಯಾನು ಹಿಡಿದು ಹೋದರು. ಅದೇ ಹೊಂಗೆಯ ನೆರಳು, ಕಡಲೆ ಹುರಿಯುವ ಅದೇ ವಾಸನೆ. ಅವರ ಕಣ್ಣು ತುಂಬಿತು. ಬೀದಿನಲ್ಲಿಯ ಮುಂದೆ, ಸರದಿಗಾಗಿ ಆ ಕಾಲದ ಮನೆಮನೆಯವರು ಇಟ್ಟುಹೋದ ಕಲ್ಲುಗಳ ಸಾಲಿತ್ತು. ಜೊತೆಗೆ ಬಂದಿದ್ದ ನೆರೆಮನೆಯ ರುದ್ರಮೂರ್ತಿ ಅವನ್ನು ಕಾಲಿನಿಂದ ಸರಿಸಿ ತನ್ನ ಕ್ಯಾನಿಟ್ಟ.

“ಕಲ್ಲಿಗೂ ಬಾಯಾರಿಕೆಯೇ, ಟೀಚರ್? ಬನ್ನಿ, ನೀರು ನಿಲ್ಲೋ ಹೊತ್ತಾಯ್ತು.”

“ಆ ಸುಣ್ಣ ಬಳಿದ ಕಲ್ಲು ನಮ್ಮಮ್ಮನದು ಕಣಯ್ಯಾ! ಎಷ್ಟೋ ದಿನ ಅವಳು ಖಾಲಿ ಬಿಂದಿಗೆ ಹೊತ್ತು ಅಳುತ್ತ ಬರುತ್ತಿದ್ದಳು. ಕಳ್ಳರು ಯಾರೆಂದು ಇವತ್ತು ತಿಳಿಯಿತು. ತೆಗಿ ನಿನ್ನ ಕ್ಯಾನು!”

ರುದ್ರಮೂರ್ತಿ ಗೊಣಗುತ್ತ ಹಿಂದೆ ಸರಿದ. ಅಂಬುಜಾಕ್ಷಿ ಕಲ್ಲುಗಳನ್ನು ಮತ್ತೆ ಸಾಲಾಗಿ ಇಟ್ಟರು. ಅಷ್ಟರಲ್ಲಿ ಅಮ್ಮ ಬಂದಳು, ಇನ್ನೂ ತರುಣಿ, ಬಿಂದಿಗೆ ತುಂಬಿಕೊಂಡಳು.

“ಅಜ್ಜಿ, ನಿಮ್ಮ ಕ್ಯಾನು ಖಾಲಿ ಇದೆಯಲ್ಲ, ಅರ್ಧ ಸುರಿಯಲಾ?”

ಮನೆಯಲ್ಲಿ ಅಂಬುಜಾಕ್ಷಿಯವರಿಗೆ ಕುಡಿಯಲೂ ಹನಿ ನೀರಿರಲಿಲ್ಲ.

“ಬೇಡ ತಾಯಿ. ನಿನ್ನ ಮಗು ಬಾಯಾರಿ ಕೂತಿರುತ್ತೆ, ಬೇಗ ಹೋಗು.”