ಚೌಕಟ್ಟಿನ ಆಚೆ ಬದಿ

“ಸಹಿ ಹಾಕಬಹುದಂತೆ, ಅಮ್ಮಾ,” ಎಂದಳು ನಿಮಿಯಾ, ಮೊಬೈಲಿನಿಂದ ಕಣ್ಣೆತ್ತದೆ. “ಎಐ ಪೂರ್ತಿ ಕರಾರು ಓದಿ ಮುಗಿಸ್ತು. ಹಣ ತಡ ಮಾಡೋಕೆ ಒಂದು ಕಡೆ ದಾರಿ ಇಟ್ಕೊಂಡಿದ್ರು, ಅದನ್ನೂ ಹಿಡೀತು. ಕಂಪನಿಯವರು ತೆಪ್ಪಗೆ ತಿದ್ದಿ ಕಳಿಸಿದಾರೆ. ಲಾಯರ್ ಆಗಿದ್ರೆ ಬಾಯಿ ತೆರೆಯೋಕೇ ಫೀಸು ಕೇಳ್ತಿದ್ದ.”

ಮಾವಿನ ಮರದ ನೆರಳಲ್ಲಿ, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ದಿಯೊಲಿಂದಾಳ ಸೂಜಿ ಓಡುತ್ತಲೇ ಇತ್ತು. ಆಚೆ ಬದಿಯಲ್ಲಿ ಪಕ್ಕದ ಮನೆಯ ಉಲೋಜಿಯಾ. ಇಟಾಗ್ವಾ ಊರಿನ ಆ ಬೀದಿಯಲ್ಲಿ ದೊಡ್ಡ ಲೇಸನ್ನು ಯಾರೂ ಒಬ್ಬರೇ ಹೆಣೆಯುವುದಿಲ್ಲ. ಇಬ್ಬರು ಎದುರುಬದುರು ಕೂತು, ಎರಡು ಅಂಚಿನಿಂದ ಶುರು ಮಾಡಿ ನಡುವೆ ಸೇರುತ್ತಾರೆ. ಇವರಿಬ್ಬರೂ ಹಾಗೆ ಕೂರತೊಡಗಿದಾಗ ಇಬ್ಬರಿಗೂ ಇನ್ನೂ ಮದುವೆಯಾಗಿರಲಿಲ್ಲ. ಈಗ ಇಬ್ಬರೂ ಅಜ್ಜಿಯರು. ಸೀಬೆ ಹೂವಿನ ಹೆಣಿಗೆಯನ್ನು ದಿಯೊಲಿಂದಾಳ ತಾಯಿ ಇಬ್ಬರಿಗೂ ಒಟ್ಟಿಗೇ ಕೂರಿಸಿಕೊಂಡು ಕಲಿಸಿದ್ದಳು.

ಬ್ಯೂನಸ್ ಐರಿಸ್‌ನ ಬಟ್ಟೆ ಕಂಪನಿ ಕೇಳಿದ್ದು ಆ ಹೂವನ್ನೇ. ಪ್ರತಿ ಉಡುಪಿನ ಮೇಲೂ ದಿಯೊಲಿಂದಾಳ ಹೆಸರು ಇರುತ್ತದಂತೆ. ಮತದಾರರ ಪಟ್ಟಿ ಬಿಟ್ಟರೆ ಆಕೆಯ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಆಸೆಯಾಗಿತ್ತು, ಸುಳ್ಳೇಕೆ?

ಉಲೋಜಿಯಾ ತೆರೆರೆ ಎಂಬ ತಣ್ಣನೆಯ ಎಲೆಪಾನಕವನ್ನು ಕೊಂಬಿನ ಲೋಟಕ್ಕೆ ಸುರಿದು, ತಾನು ಹೀರಿದ ನಳಿಕೆಯನ್ನೇ ಗೆಳತಿಯತ್ತ ತಿರುಗಿಸಿ ಚಾಚಿದಳು. “ಹಾಕೇ ಸಹಿ. ನಮ್ಮಿಬ್ಬರಲ್ಲಿ ಒಬ್ಬಳ ಹೆಸರಾದ್ರೂ ಗಡಿ ದಾಟ್ಲಿ. ಆಮೇಲೆ ಬೀದೀಲಿ ಸಿಕ್ಕಾಗ ಗುರುತೇ ಇಲ್ಲ ಅನ್ಬೇಡ, ಅಷ್ಟೇ.”

ದಿಯೊಲಿಂದಾ ನಕ್ಕಳು. “ಆ ಒಂಬತ್ತನೇ ಕಲಮು ಇನ್ನೊಂದ್ಸಲ ಓದೇ.”

“‘ಈ ಹೂವಿನ ಹೆಣಿಗೆ ದಿಯೊಲಿಂದಾ ಅವರೊಬ್ಬರದೇ ಸ್ವತ್ತು. ಊರಿನಲ್ಲಿ ಬೇರೆ ಯಾರೂ ಇದನ್ನು ಹೆಣೆದು ಮಾರದಂತೆ ಅವರು ನೋಡಿಕೊಳ್ಳತಕ್ಕದ್ದು.’ ಇದಕ್ಕೆ ಹಸಿರು ಗುರುತು ಹಾಕಿದೆ. ಹೂವು ನಿಮ್ಮದೇನಾ ಅಂತ ಕೇಳ್ತು, ಹೌದು, ಅಜ್ಜಿ ಕಾಲದ್ದು ಅಂದೆ. ಹಾಗಾದ್ರೆ ನಿಮಗೇ ಒಳ್ಳೇದು ಅಂತು.”

ದಿಯೊಲಿಂದಾಳ ಸೂಜಿ ನಿಂತಿತು. ಉಲೋಜಿಯಾಳ ಮನೆಯ ಒಲೆ ಉರಿಯುತ್ತಿದ್ದುದೇ ಸಂತೆಯಲ್ಲಿ ಮಾರುವ ಆ ಹೂವಿನಿಂದ.

“ಹಾಗಾದ್ರೆ ಉಲೋಜಿಯಾ ಗತಿಯೇನು? ಕೇಳು ಅದನ್ನ.”

“ಅಮ್ಮಾ, ಕಂಪನಿಯವರು ಸಹಿಗೆ ಮಧ್ಯಾಹ್ನ ಬಂದುಬಿಡ್ತಾರೆ...”

“ಕೇಳು ಅಂದೆ.”

ನಿಮಿಯಾ ಟೈಪ್ ಮಾಡಿದಳು. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಅದನ್ನು ಓದಿ ಹೇಳಲು ಅವಳಿಗೇ ಹೊತ್ತು ಹಿಡಿಯಿತು.

“ಸಹಿ ಆದ್ಮೇಲೆ ಉಲೋಜಿಯಾ ಅವರು ಈ ಹೂವು ಮಾರೋ ಹಾಗಿಲ್ಲವಂತೆ. ನಿಲ್ಲಿಸೋ ಜವಾಬ್ದಾರಿ ನಿಂದೇ ಅಂತೆ. ‘ಅವರು ಈ ಕರಾರಿನಲ್ಲಿ ಇಲ್ಲ’ ಅಂತಿದೆ.”

ಉಲೋಜಿಯಾ ಅರ್ಧ ಹೆಣೆದ ಎಸಳನ್ನು ಅಲ್ಲೇ ಬಿಟ್ಟಳು. ಸೂಜಿಯನ್ನು ಬಟ್ಟೆಯ ಅಂಚಿಗೆ ಚುಚ್ಚಿಟ್ಟು, ಗೊತ್ತಿಲ್ಲದೆ ಬೇರೆಯವರ ತಟ್ಟೆಗೆ ಕೈ ಹಾಕಿದವಳ ಹಾಗೆ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

ದಿಯೊಲಿಂದಾ ಎದ್ದು, ಚೌಕಟ್ಟನ್ನು ಸುತ್ತಿ ಆಚೆ ಬದಿಗೆ ಹೋದಳು. ಸೂಜಿಗೆ ಹೊಸ ದಾರ ಪೋಣಿಸಿ, ಗೆಳತಿಯ ಬೆರಳುಗಳನ್ನು ಬಿಡಿಸಿ ಅದನ್ನು ಹಿಡಿಸಿದಳು.

“ಆ ಎಐಗೆ ಹೇಳು ಮಗಳೇ,” ಎಂದಳು, “ಆ ಕರಾರಿನಲ್ಲಿ ನಾನೂ ಇಲ್ಲ ಅಂತ.”