ಹಾಲು ಉಕ್ಕಿದ ದಿಕ್ಕು

ಗೃಹನಿರ್ಮಾಣ ಸಂಘದವರು ಕಂತಿನ ಮೇಲೆ, ನೆಟ್ಟರೆ ಬೆಳೆಯುವ ಒಂದು ಕೋಣೆಯ ಮನೆಸಸಿ ಕೊಡುತ್ತಾರೆ. ಗೃಹಪ್ರವೇಶದ ಹಾಲು ಉಕ್ಕಿ ಯಾವ ಕಡೆ ಹರಿಯುತ್ತದೋ ಆ ಕಡೆ ಎರಡನೆಯ ಕೋಣೆ ಚಿಗುರುತ್ತದೆ.

“ಖಾಲಿ ಜಾಗ ಇರೋದು ಪಶ್ಚಿಮಕ್ಕೆ,” ಎಂದು ಸುಗುಣ ಒಲೆಯನ್ನು ಅತ್ತ ವಾಲಿಸಿದಳು.

“ಶಾಸ್ತ್ರ ಬಿಡೋಕಾಗುತ್ತೇನೇ? ಹಾಲು ಪೂರ್ವಕ್ಕೇ ಉಕ್ಕಬೇಕು,” ಎಂದು ಅತ್ತೆ ಸಾಕಮ್ಮ ಒಲೆಯಡಿಗೆ ಕಲ್ಲು ಕೊಟ್ಟರು.

ಹಾಲು ಪೂರ್ವದ ಗೋಡೆಯಡಿ ನುಸುಳಿತು. ಸಂಜೆಗೆ ಪಕ್ಕದ ಮನೆಯ ಪಂಕಜಮ್ಮ ಬಂದರು. “ನಿಮ್ ರೂಮು ನಮ್ಮ ಅಡುಗೆಮನೇಲಿ ಬೆಳೆದಿದೆ! ಖಾಲಿ ಬಿಟ್ರೆ ಒಣಗೋಗುತ್ತೆ, ಯಾರಾದ್ರೂ ಬಂದು ಇರಿ.”

ಸುಗುಣ ಅತ್ತೆಯ ಹಾಸಿಗೆ ಸುತ್ತಿಕೊಟ್ಟಳು.

ಮೂರನೆಯ ದಿನ ಪಂಕಜಮ್ಮ ಎರಡು ಲೀಟರ್ ಹಾಲು ಹಿಡಿದು ಓಡಿಬಂದರು. “ನಿನ್ ದಮ್ಮಯ್ಯ, ಇದನ್ನ ಪಶ್ಚಿಮಕ್ಕೆ ಉಕ್ಕಿಸಿ ಇನ್ನೊಂದು ರೂಮು ಬೆಳೆಸ್ಕೊ! ನಿಮ್ಮತ್ತೆ ಮೂರು ಹೊತ್ತೂ ನನ್ ಸಾರಿಗೆ ಹೆಸರಿಡ್ತಾರೆ.”

ಸುಗುಣ ಹಾಲನ್ನು ಕಾಫಿಗೆ ಇಟ್ಟಳು. “ಇವತ್ತಿಂದ ಆಷಾಢ ಅಲ್ವಾ ಪಂಕಜಮ್ಮ? ಇನ್ನೇನಿದ್ರೂ ಶ್ರಾವಣಕ್ಕೇ. ಶಾಸ್ತ್ರ ಬಿಟ್ರೆ ಅತ್ತೆ ಬೇಜಾರು ಮಾಡ್ಕೋತಾರೆ.”